ಪುರಭವನದ ಹೆಸರು
(ಸಂಘದ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ವಾಚಿಸಿರುವರಾದುದರಿಂದ ನಾನು ಅಂಕಿಅಂಶಗಳಿಂದ ನಿಮ್ಮನ್ನು ಮತ್ತೊಮ್ಮೆ ಬೇಸರಗೊಳಿಸುವುದಿಲ್ಲ. ಇಂದು ಒಂದು ಕಟ್ಟಡದ ವಿಚಾರವನ್ನು, ಅದರ ಜೊತೆಗೆ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಭಾಷಣಸ್ಪರ್ಧೆಗಾಗಿ ಮಂಗಳೂರಿನ ಪುರಭವನಕ್ಕೆ ಕರೆದುಕೊಂಡು ಹೋಗಿದ್ದೆನು. ಏಳನೆಯ ತರಗತಿಯ ಬಾಲಕನೊಬ್ಬನು ಅಲ್ಲಿಯ ಫಲಕವನ್ನು ಓದಿ, “ಸಾರ್, ಕುದ್ಮುಲ್ ರಂಗರಾಯರು ಎಂದರೆ ಯಾರು?” ಎಂದು ಕೇಳಿದನು. “ಮಂಗಳೂರಿನ ಒಬ್ಬ ಸಮಾಜ ಸುಧಾರಕರು” ಎಂದು ಹೇಳಿ ನಾನು ಅವನನ್ನು ಸಾಲಿನಲ್ಲಿ ನಿಲ್ಲಿಸಿದೆನು. ಆ ಉತ್ತರದಲ್ಲಿ ಅರ್ಧ ಮಾತ್ರ ಸತ್ಯವಿತ್ತು. ಆ ಬಾಲಕನು ಈಗ ನಮ್ಮ ಶಾಲೆಯಲ್ಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ನಿಮಗೆ ಸಲ್ಲಿಸುತ್ತೇನೆ.

ಮೊದಲು ಪುರಭವನವೆಂದರೇನೆಂಬುದನ್ನು ನೋಡೋಣ. ಅರಮನೆ ಅರಸನದು, ಮಠ ಅದರ ಶಿಷ್ಯರದು; ಪುರಭವನವು ಊರಿನ ಸಕಲರದು. ಅಲ್ಲಿ ಸಭೆ ಸೇರಬಹುದು, ನಾಟಕವಾಡಬಹುದು, ತಾಳಮದ್ದಳೆ ಕೇಳಬಹುದು, ಬೇಕಾದರೆ ಆಳುವವರನ್ನು ಪ್ರಶ್ನಿಸಲೂಬಹುದು. ಇಂತಹ ಭವನಗಳಿಗೆ ಇಟ್ಟ ಹೆಸರುಗಳನ್ನು ಗಮನಿಸಿದರೆ ಆಯಾ ಕಾಲವು ಯಾರನ್ನು ದೊಡ್ಡವರೆಂದು ಎಣಿಸಿತೆಂಬುದು ತಿಳಿಯುತ್ತದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1883ರಲ್ಲಿ ಪೂರ್ಣವಾದ ಮೇಯೋ ಹಾಲ್, 1872ರಲ್ಲಿ ಅಂಡಮಾನಿನಲ್ಲಿ ಕೊಲೆಗೀಡಾದ ವೈಸರಾಯ್ ಮೇಯೋ ಪ್ರಭುವಿನ ಸ್ಮಾರಕ. ಮೈಸೂರಿನ ಪುರಭವನವು ದಿವಾನ್ ರಂಗಾಚಾರ್ಲು ಅವರ ಸ್ಮಾರಕ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದುದು ಅವರ ಆಡಳಿತಕಾಲದಲ್ಲಿ. ಬೆಂಗಳೂರು ನಗರದಲ್ಲಿ 1935ರಲ್ಲಿ ತೆರೆದ ಪುರಭವನಕ್ಕೆ ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರಿದೆ. ವೈಸರಾಯರು, ದಿವಾನರು, ನಗರಸಭೆಯ ಅಧ್ಯಕ್ಷರು: ಮೂವರೂ ಅಧಿಕಾರವಿದ್ದವರೇ. ಮಂಗಳೂರಿನ ಪುರಭವನಕ್ಕಾದರೋ ಶಾಲೆ ತೆರೆದ ಒಬ್ಬ ವಕೀಲರ ಹೆಸರಿದೆ.

ಆ ವಕೀಲರು ಹುಟ್ಟಿದುದು ಎಲ್ಲಿ ಬಲ್ಲಿರಾ? ನಮ್ಮ ಕಾಸರಗೋಡಿನ ಕುದ್ಮುಲಿನಲ್ಲಿ, 1859ನೆಯ ಇಸವಿಯ ಜೂನ್ 29ರಂದು. ಸಾರಸ್ವತ ಬ್ರಾಹ್ಮಣ ಕುಟುಂಬವಾದರೂ ಸಂಪತ್ತಿರಲಿಲ್ಲ. ಹದಿನಾರರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಜೀವನೋಪಾಯಕ್ಕಾಗಿ ಮಂಗಳೂರಿಗೆ ಹೋದರು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಆ ಬಾಲಕನು ಹೊರಟದ್ದು ಅದಕ್ಕಿಂತ ಮೂವತ್ತು ವರ್ಷಗಳಷ್ಟು ಮುಂಚೆ. ಅಲ್ಪ ಸಂಬಳದ ಉಪಾಧ್ಯಾಯರಾಗಿದ್ದು, ದುಡಿಯುತ್ತಲೇ ಓದಿ, ವಕೀಲರಾದರು. ಬಡವರ ವಕೀಲರೆಂದು ಜನ ಅವರನ್ನು ಕರೆದರು.

ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ ಅಕ್ಷರವಿಲ್ಲದಿರುವುದನ್ನು ಅವರು ಕಂಡರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧವು ಎಷ್ಟಿತ್ತೆಂದರೆ ಆ ಶಾಲೆ ಬಹುಕಾಲ ನಡೆಯಲಿಲ್ಲ. ಮೇಲ್ಜಾತಿಯ ಉಪಾಧ್ಯಾಯರು ಕಲಿಸಲು ಬರಲೊಲ್ಲರು; ಆಗ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡರು. ಸ್ವಂತ ಸಮಾಜವು ಅವರಿಗೆ ಬಹಿಷ್ಕಾರ ಹಾಕಿತು. ರಂಗರಾಯರು ಹಿಮ್ಮೆಟ್ಟಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂದು ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ಓದಿನ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸುವ ವ್ಯವಸ್ಥೆಯಾಯಿತು. ಈ ಸಂಸ್ಥೆಯನ್ನು ನೋಡಲು 1934ರಲ್ಲಿ ಮಹಾತ್ಮಾ ಗಾಂಧಿಯವರೇ ಬಂದರು. ಆದರೆ ಅದನ್ನು ಕಾಣಲು ರಂಗರಾಯರಿರಲಿಲ್ಲ. ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರು ಪಡೆದಿದ್ದ ಅವರು 1928ರ ಜನವರಿ 30ರಂದು ತೀರಿಕೊಂಡಿದ್ದರು.

ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲೆ ಅವರ ಕೊನೆಯ ಆಸೆಯನ್ನು ಕೆತ್ತಲಾಗಿದೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಮೋಟಾರಿನಲ್ಲಿ ಊರ ಬೀದಿಯಲ್ಲಿ ಹೋಗಬೇಕು. ಆ ಗಾಲಿಗಳಿಂದೆದ್ದ ಧೂಳು ತನ್ನ ತಲೆಗೆ ತಾಗಬೇಕು. ಆಗ ತನ್ನ ಬಾಳು ಸಾರ್ಥಕ ಎಂಬುದು ಅದರ ಭಾವ. ಧೂಳು ಬಿದ್ದರೆ ನಾವು ಕೊಡವಿಕೊಳ್ಳುತ್ತೇವೆ; ಅವರಾದರೋ ಅದನ್ನು ಬಯಸಿದರು.

ಇಂತಹವರ ಹೆಸರನ್ನು ಪುರಭವನಕ್ಕೆ ಇಟ್ಟುದು ಎಷ್ಟು ಉಚಿತವೆಂಬುದನ್ನು ನೀವೇ ಯೋಚಿಸಿರಿ. ಮಂಗಳೂರಿಗೆ ಪುರಸಭೆ ಬಂದುದು 1866ರಲ್ಲಿ. ಆದರೆ ಪುರವು ಸಕಲರದೆಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಸಕಲರದಾಗುವುದಿಲ್ಲ. ಬೀದಿಯಲ್ಲಿ ನಡೆಯಲೂ ಅಂಜಬೇಕಾಗಿದ್ದ ಜನರು ಸಭೆಯಲ್ಲಿ ಕುರ್ಚಿಯ ಮೇಲೆ ಕುಳಿತುಕೊಳ್ಳುವುದು ಹೇಗೆ? ರಂಗರಾಯರು ಕಟ್ಟಿದುದು ಭವನವನ್ನಲ್ಲ, ಭವನದೊಳಗೆ ತಲೆಯೆತ್ತಿ ಬರಬಲ್ಲ ಮನುಷ್ಯರನ್ನು. ಸ್ಥಳೀಯ ಆಡಳಿತಮಂಡಳಿಗಳಲ್ಲಿಯೂ ಆ ಜನರಿಗೆ ಸ್ಥಾನ ದೊರೆಯಬೇಕೆಂದು ಅವರು ಹೋರಾಡಿದರು.

ಆದರೂ ನಾವೆಲ್ಲರೂ ಆ ಕಟ್ಟಡವನ್ನು “ಟೌನ್ ಹಾಲ್” ಎಂದು ಕರೆದು ಮುಗಿಸುತ್ತೇವೆ. ಇತ್ತೀಚೆಗೆ ಅದನ್ನು ನವೀಕರಿಸಿದ್ದಾರೆ. ಗೋಡೆಗೆ ಸುಣ್ಣಬಣ್ಣ ಬಂದಿದೆ. ನೆನಪಿಗೆ ಬಣ್ಣ ಬಳಿಯುವ ಕೆಲಸ ಮಾತ್ರ ಯಾವ ಗುತ್ತಿಗೆದಾರನಿಂದಲೂ ಆಗದು, ಅದು ಉಪಾಧ್ಯಾಯರ ಕೆಲಸ. ಅದರಲ್ಲಿ ನಾನೇ ತಪ್ಪಿದ್ದೆನು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಂಗಳೂರು ಇನ್ನೊಂದು ರಾಜ್ಯದಲ್ಲಿ ಉಳಿಯಿತು. ಅಂದಿನಿಂದ ಗಡಿನಾಡಿನ ಕನ್ನಡಿಗರಾದ ನಾವು ನಮ್ಮನ್ನು ಯಾರೂ ನೆನೆಯುವುದಿಲ್ಲವೆಂದು ದೂರುತ್ತಿರುತ್ತೇವೆ. ದೂರಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳೆನು. ಆದರೆ ನಮ್ಮ ಮಣ್ಣಿನ ಮಗನೊಬ್ಬನ ಹೆಸರು ಮಂಗಳೂರಿನ ನಡುಮಧ್ಯದಲ್ಲಿ ಎದ್ದು ಕಾಣುತ್ತಿರುವಾಗ ಅದನ್ನು ಗುರುತಿಸದೆ ಹೋದವರು ನಾವೇ ಅಲ್ಲವೇ?

ಹೆತ್ತವರೇ, ನಿಮ್ಮಲ್ಲಿ ಒಂದು ಪ್ರಾರ್ಥನೆ. ಕೂಲಿಗೆ ಕೈ ಬೇಕೆಂದೋ, ಮನೆಯಲ್ಲಿ ಕೂಸನ್ನು ನೋಡಿಕೊಳ್ಳಬೇಕೆಂದೋ ಮಗುವನ್ನು ಶಾಲೆ ಬಿಡಿಸುವ ಮೊದಲು ಒಮ್ಮೆ ನಮ್ಮ ಸಂಘದವರ ಬಳಿಗೆ ಬನ್ನಿರಿ. ಪುಸ್ತಕವಾಗಲಿ, ಬಟ್ಟೆಯಾಗಲಿ, ಬಸ್ಸಿನ ಹಣವಾಗಲಿ, ಕೇಳಲು ಸಂಕೋಚ ಬೇಡ. ಇಂತಹ ಕಾರ್ಯಕ್ಕಾಗಿಯೇ ಸಂಘವಿರುವುದು.

ಮಕ್ಕಳೇ, ಇನ್ನು ಮುಂದೆ ಮಂಗಳೂರಿಗೆ ಹೋದಾಗ ಆ ಭವನದ ಮುಂದೆ ಒಂದು ಗಳಿಗೆ ನಿಂತು ಅದರ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿರಿ. ಜೊತೆಯಲ್ಲಿದ್ದವರು “ಯಾರವರು?” ಎಂದು ಕೇಳಿದರೆ “ನಮ್ಮೂರಿನ ಕಡೆಯವರು, ಯಾರಿಗೆ ಶಾಲೆಯಿರಲಿಲ್ಲವೋ ಅವರಿಗೆ ಶಾಲೆ ತೆರೆದವರು” ಎಂದು ಹೇಳಿರಿ. ಬಳಿಕ ನಮ್ಮ ತರಗತಿಗೆ ಮರಳಿದಾಗ, ಯಾರ ಪಕ್ಕದಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲವೋ ಆ ಮಗುವಿನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿರಿ. ಹಾಗೆ ಮಾಡಿದರೆ ಆ ಹೆಸರನ್ನು ಸರಿಯಾಗಿ ಓದಿದಂತಾಗುತ್ತದೆ.