ತೊಗರಿ ಕೀಡಿ ಬರೋದು ಮುಂಚೆ ತಿಳಿಯುವುದು ಹೇಗೆ?
(ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ತೊಗರಿ ಕೀಡಿ ಬಗ್ಗೆ ಎರಡು ಮಾತು ಹೇಳಿರಿ ಎಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾವು ಕೃಷಿ ಪಂಡಿತರಲ್ಲ. ಹೊಲದಲ್ಲಿ ಕಂಡದ್ದು, ಸಂಶೋಧನಾ ಕೇಂದ್ರದವರ ಬಾಯಿಂದ ಕೇಳಿದ್ದು, ಇಷ್ಟೇ ನಮ್ಮ ಬಂಡವಾಳ.

1997ರ ಹಿಂಗಾರಿಯನ್ನು ನಮ್ಮ ಕಲಬುರಗಿ ಸೀಮೆಯವರು ಮರೆತಿಲ್ಲ. ತೊಗರಿ ಹೂವು-ಮಿಡಿ ಹಿಡಿಯೋ ಹೊತ್ತಿಗೆ ಅಕಾಲಿಕ ಮಳೆ, ಮೋಡ. ಅದರ ಹಿಂದೆಯೇ ಕಾಯಿಕೊರಕ. ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಸಾಲಕ್ಕೆ ಅಂಜಿ ಜೀವ ಕಳಕೊಂಡ ರೈತರ ಸುದ್ದಿ ಆಗ ದಿನಾ ಕೇಳುತ್ತಿದ್ದೆವು. ನಾವಾಗ ಹುಡುಗರು. ಅಪ್ಪನ ಬೆನ್ನಿಗೆ ಪಂಪು, ನಮ್ಮ ತಲೆ ಮೇಲೆ ನೀರಿನ ಕೊಡ. ಉದ್ರಿ ತಂದ ಎಣ್ಣಿ ನಾಲ್ಕು ಸಲ ಹೊಡೆದೆವು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಅವ್ವ ಒಂದು ಹಿಡಿ ಕಾಯಿ ಸುಲಿದು ನೋಡಿದಳು. ಕಾಯಿಗೆ ಕಾಯಿ ತೂತು. ಅವತ್ತು ಹೊಲದಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎಣ್ಣಿ ಕಡಿಮೆ ಆಗಿರಲಿಲ್ಲ, ಹೊಡೆದದ್ದು ತಡ ಆಗಿತ್ತು. ಇದು ತಿಳಿಯಲು ನಮಗೆ ಬಹಳ ವರ್ಷ ಹಿಡಿಯಿತು. ಚಿಟ್ಟೆ ರಾತ್ರಿ ಬಂದು ಹೂವು, ಮೊಗ್ಗು, ಎಳೆ ಎಲೆ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗಸಗಸೆಗಿಂತ ಸಣ್ಣದು, ಹಳದಿ ಬಿಳಿ. ಒಂದು ಚಿಟ್ಟೆ ನೂರಾರು ಮೊಟ್ಟೆ ಇಡಬಲ್ಲದು. ಮೂರು-ನಾಲ್ಕು ದಿನಕ್ಕೆ ಮರಿ ಹೊರಗೆ ಬಂದು ಮೊದಲು ಹೂವು-ಮೊಗ್ಗು ತಿನ್ನುತ್ತದೆ. ಬಲಿತ ಮೇಲೆ ಕಾಯಿಗೆ ತಲೆ ತೂರಿಸಿ, ಮೈ ಹೊರಗೆ ಬಿಟ್ಟುಕೊಂಡು ಕಾಳು ಮೇಯುತ್ತದೆ. ನಮ್ಮ ಕಣ್ಣಿಗೆ ಬೀಳೋದು ಆವಾಗಲೇ. ಆ ವಯಸ್ಸಿನ ಕೀಡಿ ಎಣ್ಣಿಗೆ ಸುಲಭಕ್ಕೆ ಸಾಯೋದಿಲ್ಲ. ಹಾಗಾಗಿ ಚಿಟ್ಟೆ ಬಂದದ್ದು ಗೊತ್ತಾದರೆ ನಮ್ಮ ಕೈಯಲ್ಲಿ ಒಂದು ವಾರದ ಮೇಲೆ ಕೆಲವು ದಿನ ಉಳಿಯುತ್ತವೆ. ಕಾಯಿ ತೂತಾದ ಮೇಲೆ ಏನೂ ಉಳಿಯೋದಿಲ್ಲ.

ಚಿಟ್ಟೆ ಬಂದದ್ದು ತಿಳಿಯೋದಕ್ಕೆ ಮೋಹಕ ಬಲೆ ಇದೆ. ಎಕರೆಗೆ ಎರಡು ಸಾಕು. ಬೆಳೆಗಿಂತ ಒಂದು ಅಡಿ ಎತ್ತರಕ್ಕೆ ಕಟ್ಟಬೇಕು. ಒಳಗಿನ ಗುಳಿಗೆಯ ವಾಸನೆಗೆ ಗಂಡು ಚಿಟ್ಟೆ ಬಂದು ಬೀಳುತ್ತದೆ. ಗುಳಿಗೆಯನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು. ನಮ್ಮಲ್ಲಿ ಕೆಲವರು ಬಲೆ ಕಟ್ಟಿ, ಕೀಡಿ ಇನ್ನು ಬರೋದಿಲ್ಲ ಎಂದು ನಿಶ್ಚಿಂತೆಯಿಂದ ಕುಂತರು. ಬೀಳೋದು ಗಂಡು ಮಾತ್ರ, ಮೊಟ್ಟೆ ಇಡೋ ಹೆಣ್ಣು ಹೊಲದಲ್ಲೇ ಇರುತ್ತದೆ ಮಾರಾಯರೇ! ಬಲೆ ಕೊಡೋದು ಸುದ್ದಿ ಅಷ್ಟೇ.

ದಿನಾ ಮುಂಜಾನೆ ಬಿದ್ದ ಚಿಟ್ಟೆ ಎಣಿಸಿ ಬರೆಯಬೇಕು. ಎರಡು ಮೂರು ದಿನ ಲೆಕ್ಕ ಏರುತ್ತಾ ಹೋಯಿತೋ, ಹೊಲ ಹೊಕ್ಕು ಗಿಡ ನೋಡಬೇಕು. ನಾಲ್ಕು ಮೂಲೆಗೆ, ನಡುವಿಗೆ ಐದೈದು ಗಿಡ. ಗಿಡಕ್ಕೆ ಸರಾಸರಿ ಎರಡು ಮೊಟ್ಟೆ ಅಥವಾ ಒಂದು ಮರಿ ಕೀಡಿ ಕಂಡರೆ ತಡ ಮಾಡಬಾರದು. ನೂರು ಲೀಟರ್ ನೀರಿಗೆ ಐದು ಕೆ.ಜಿ. ಬೇವಿನ ಬೀಜದ ಪುಡಿಯ ಕಷಾಯ ಈ ಹಂತದಲ್ಲಿ ಕೆಲಸಕ್ಕೆ ಬರುತ್ತದೆ. ಹಾವಳಿ ಜೋರಿದ್ದರೆ ಯಾವ ಔಷಧ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತರಬೇಕು. ಬಲಿತ ಕೀಡಿಗಾದರೆ ನಮ್ಮ ಕಡೆಯ ಹಳೇ ಪದ್ಧತಿಯೇ ಚಲೋ: ಕೆಳಗೆ ಸೀರೆ ಹಾಸಿ ಗಿಡ ಅಲ್ಲಾಡಿಸಿ ಉದುರಿಸೋದು. ಕೋಳಿಗಳಿಗೂ ಹಬ್ಬ.

ಮೋಡ ಬಂದ್ರ ಕೀಡಿ ಬೀಳ್ತಾವ ಎಂದು ಹಿರಿಯರು ಹೇಳೋದು ಸುಳ್ಳಲ್ಲ. ನೆರೆಯ ಆಂಧ್ರದ ಮಳೆ ಲೆಕ್ಕ ತೆಗೆದು ನೋಡಿದ ವಿಜ್ಞಾನಿಗಳು, ಮುಂಗಾರು ವಾಡಿಕೆಗಿಂತ ಕಡಿಮೆಯಾಗಿ ನವೆಂಬರದಲ್ಲಿ ಹೆಚ್ಚು ಮಳೆ ಬಿದ್ದರೆ ಕಾಯಿಕೊರಕದ ಕಾಟ ಜೋರು ಎಂದಿದ್ದಾರೆ. ಆದರೆ ಮೋಡ ಕಂಡ ಕೂಡಲೇ ಪಂಪು ಹೊರುವವರೂ ನಮ್ಮಲ್ಲಿದ್ದಾರೆ. ಮೋಡ ಬಂದರೆ ಮೊದಲು ಬಲೆ ನೋಡಿ, ಗಿಡ ನೋಡಿ.

ಇದನ್ನು ಮಂಡಳಿ ಸಭೆಯಲ್ಲಿ ಹೇಳಿದಾಗ ಒಬ್ಬ ನಿರ್ದೇಶಕರು, "ಅಣ್ಣಾ, ಹಿಂಗ ಎಣಿಸ್ಕೋತ ಕುಂತರ ನಮ್ಮ ಗೋದಾಮಿನ್ಯಾಗಿನ ಎಣ್ಣಿ ಯಾರು ಒಯ್ತಾರ?" ಎಂದರು. ಎಲ್ಲರೂ ನಕ್ಕರೂ ಮಾತು ಖರೆ. ಎಣ್ಣಿ ಮಾರಾಟದಲ್ಲಿ ಸಂಘಕ್ಕೆ ನಾಲ್ಕು ಕಾಸು ಬರುತ್ತದೆ, ಅದು ಕಡಿಮೆಯಾದೀತು. ನಮ್ಮ ಲೆಕ್ಕ ಬೇರೆ. ಸಂಘದ ಬೆಳೆ ಸಾಲ ತಿರುಗಿ ಬರೋದು ತೊಗರಿ ರಾಶಿಯಿಂದ. ರಾಶಿ ಕೆಟ್ಟ ವರ್ಷ ವಸೂಲಿಗೆ ಮನೆ ಬಾಗಿಲಿಗೆ ಹೋಗಿ ನಿಲ್ಲೋ ಕಷ್ಟ ಈ ವೇದಿಕೆ ಮೇಲಿರುವ ಎಲ್ಲರಿಗೂ ಗೊತ್ತಿದೆ.

ಚಿಟ್ಟೆಗೆ ಬದುವಿನ ಹಂಗಿಲ್ಲ, ಒಬ್ಬರ ಹೊಲದ ಲೆಕ್ಕದಿಂದ ಊರಿನ ಹಾವಳಿ ತಿಳಿಯದು. ಊರ ನಾಲ್ಕು ದಿಕ್ಕಿಗೆ ನಾಲ್ಕು ಹೊಲದಲ್ಲಿ ಬಲೆ ಕಟ್ಟಿ, ದಿನದ ಲೆಕ್ಕವನ್ನು ಸಂಘದ ಕಚೇರಿ ಮುಂದಿನ ಕರಿ ಹಲಗೆ ಮೇಲೆ ಬರೆಸಬೇಕೆಂದಿದ್ದೇವೆ. ಹಾಲು ಹಾಕಲು ಬಂದವರು ಓದಿಕೊಂಡು ಹೋಗಲಿ. ಮೂಡಣ ದಿಕ್ಕಿಗೆ ನಮ್ಮ ಹೊಲ ಇದೆ. ಉಳಿದ ಮೂರು ದಿಕ್ಕಿನವರು ಊಟಕ್ಕೆ ಏಳೋ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕಾಗಿ ವಿನಂತಿ.