ಲಯ ತಪ್ಪಿದ ರಾತ್ರಿ



ಚಿಕಿತ್ಸೆಯಾದ 12ನೆಯ ರಾತ್ರಿ ಎಚ್ಚರವಾದಾಗ ಎದೆಯೊಳಗೆ ತಾಳ ತಪ್ಪಿದ ಮದ್ದಳೆ. ‘ಪಟ್ಟ ಪಾಡೆಲ್ಲ ವ್ಯರ್ಥವಾಯಿತು’ ಎಂಬುದೇ ನನ್ನ ಮೊದಲ ಯೋಚನೆ. ಅದು ಅವಸರದ ತೀರ್ಪಾಗಿತ್ತು.

ಹೃದಯದ ಮೇಲ್ಕೋಣೆಗಳು ಲಯಗೆಟ್ಟು ಕಂಪಿಸುವ ಈ ಬೇನೆಯ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಅದನ್ನು ಕೆರಳಿಸುವ ಮಿಡಿತಗಳು ಬಹುಮಟ್ಟಿಗೆ ಶ್ವಾಸಕೋಶಗಳಿಂದ ಹೃದಯಕ್ಕೆ ಬರುವ ಸಿರೆಗಳಲ್ಲಿ ಹುಟ್ಟುತ್ತವೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಅಬ್ಲೇಷನ್ ಎಂಬ ಚಿಕಿತ್ಸೆಯಲ್ಲಿ ತೊಡೆಸಂದಿನ ರಕ್ತನಾಳದ ಮೂಲಕ ತೆಳು ಕೊಳವೆ ಹಾಯಿಸಿ, ಆ ಸಿರೆಗಳ ಬಾಯಿಯ ಸುತ್ತ ಸಾಮಾನ್ಯವಾಗಿ ಶಾಖದಿಂದಲೋ ಶೈತ್ಯದಿಂದಲೋ ಗಾಯದ ಬೇಲಿ ಕಟ್ಟುತ್ತಾರೆ. ಗಾಯ ಹಸಿಯಾಗಿರುವಷ್ಟು ಕಾಲ ಊತವಿದ್ದು ಹೃದಯ ಸುಲಭವಾಗಿ ಕೆರಳುತ್ತದೆ. ಆದಕಾರಣ ಮೊದಲ ಎರಡು ಮೂರು ತಿಂಗಳ ಲಯಭಂಗವನ್ನು ವೈದ್ಯರು ಕೂಡಲೇ ಸೋಲೆಂದು ಗಣಿಸುವುದಿಲ್ಲ.

ಹಾಗೆಂದು ಉದಾಸೀನ ಸಲ್ಲದು. ಕುಳಿತು, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಹೊತ್ತನ್ನು ಬರೆದಿಟ್ಟು, ವೈದ್ಯರಿಗೆ ತಿಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು, ಲಯ ನೆಟ್ಟಗಾಗಿದ್ದರೂ, ಅವರು ಹೇಳದೆ ಬಿಡಕೂಡದು. ಎದೆನೋವು, ಏದುಸಿರು, ಮೂರ್ಛೆ, ಮಾತಿನ ತೊದಲು, ಕೈಕಾಲುಗಳ ನಿಶ್ಶಕ್ತಿ ಕಂಡರೆ, ಅಥವಾ ಕೆಲವು ವಾರಗಳ ನಂತರ ಜ್ವರವೋ ನುಂಗುವಾಗ ನೋವೋ ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆ ರಾತ್ರಿ ನನ್ನ ನಾಡಿ ಎಣಿಸಿದವಳು ಮಡದಿ. ನನ್ನ ಬೆರಳು ನಡುಗುತ್ತಿತ್ತು. 40 ನಿಮಿಷಕ್ಕೆ ಲಯ ತಾನಾಗಿ ಮರಳಿತು. ಟಿಪ್ಪಣಿ ಪುಸ್ತಕದಲ್ಲಿ ಮೊದಲ ತಿಂಗಳಿಗೆ 9 ಸಾಲುಗಳಿವೆ, ಎರಡನೆಯದಕ್ಕೆ 2. ಮೂರನೆಯ ತಿಂಗಳ ಪುಟ ಇನ್ನೂ ಖಾಲಿ; ಆದರೂ ಪುಸ್ತಕವನ್ನು ದಿಂಬಿನ ಬಳಿಯೇ ಇಟ್ಟಿದ್ದೇನೆ.