ಬಿಗಿಯುವ ಚರ್ಮ

ಗ್ರೀಕ್ ಭಾಷೆಯಲ್ಲಿ ‘ಸ್ಕ್ಲೀರೋಸ್’ ಎಂದರೆ ಗಟ್ಟಿಯಾದುದು, ‘ಡರ್ಮ’ ಎಂದರೆ ಚರ್ಮ. ಇವೆರಡನ್ನೂ ಕೂಡಿಸಿ ವೈದ್ಯರು ‘ಸ್ಕ್ಲೀರೋಡರ್ಮ’ ಎಂಬ ಹೆಸರನ್ನು ಕಟ್ಟಿದರು. ಹೆಸರು ಒಂದು, ಅದರೊಳಗೆ ಅಡಗಿರುವ ವ್ಯಾಧಿಗಳ ಗತಿ ಮಾತ್ರ ಬೇರೆ ಬೇರೆ. ಈ ಭೇದವನ್ನರಿಯದೆ ಹೆಸರು ಕೇಳಿದೊಡನೆಯೇ ಬದುಕಿನ ಆಸೆ ಬಿಡುವವರುಂಟು. ಚರ್ಮದ ರೋಗ ತಾನೆ ಎಂದು ಮುಲಾಮು ಹಚ್ಚುತ್ತ ಕಾಲ ಕಳೆಯುವವರೂ ಉಂಟು. ನಾನು ವೈದ್ಯನಲ್ಲ, ಪ್ರಾಣಿಶಾಸ್ತ್ರವನ್ನು ಬೋಧಿಸುವವನು. ಆದರೂ ಈ ಎರಡು ಬಗೆಯ ಜನರನ್ನೂ ಉದ್ದೇಶಿಸಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ರಬಕವಿ-ಬನಹಟ್ಟಿಯ ಬಳಿಯ ಚಿಮ್ಮಡದ ಸೀಮೆಯನ್ನು ನೆನೆಯೋಣ. ಅದು ಮಗ್ಗದ ಸದ್ದು ಕೇಳುವ ನಾಡು. ಅಲ್ಲಿ ಕಡಿದ ನೂಲಿಗೆ ಗಂಟಿಕ್ಕುವ ಹೆಂಗಸೊಬ್ಬಳ ಬೆರಳುಗಳು ಚಳಿಗಾಲದ ಮುಂಜಾನೆ ತಣ್ಣೀರು ತಾಕಿದಾಗ ಬಿಳಿಚಿಕೊಂಡು, ಅನಂತರ ನೀಲಿಗಟ್ಟಿ, ಬೆಚ್ಚಗಾದ ಮೇಲೆ ಉರಿಯತೊಡಗುತ್ತವೆ ಎಂದು ಭಾವಿಸೋಣ. ಫ್ರಾನ್ಸಿನ ಮೋರಿಸ್ ರೇನೋ ಎಂಬ ವೈದ್ಯನು 1862ರಲ್ಲಿ ಈ ಲಕ್ಷಣವನ್ನು ವರ್ಣಿಸಿದನು. ಇದು ಕಾಣಿಸಿಕೊಂಡವರಲ್ಲಿ ಬಹುಮಂದಿಗೆ ಮುಂದೆ ಏನೂ ಆಗದು. ಆದರೆ ಬೆರಳುಗಳು ಬಾತು, ಚರ್ಮವನ್ನು ಚಿವುಟಿ ಎತ್ತಲಾಗದಷ್ಟು ಬಿಗಿದು, ತುದಿಗಳಲ್ಲಿ ಹುಣ್ಣಾದರೆ, ನೆರೆಹೊರೆಯವರ ಬಾಯಿಗೆ ಮೊದಲು ಬರುವ ಮಾತು ಕುಷ್ಠ ಎಂಬುದು. ಮೈಮೇಲೆ ಕಪ್ಪು-ಬಿಳುಪಿನ ಚುಕ್ಕೆಗಳೆದ್ದರೆ ತೊನ್ನು ಎನ್ನುತ್ತಾರೆ. ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಡುತ್ತಾಳೆ. ಚಿಕಿತ್ಸೆಗೆ ಅಮೂಲ್ಯವಾದ ಕಾಲ ಅಲ್ಲಿಯೇ ಕಳೆದುಹೋಗುತ್ತದೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ; ಇಲ್ಲಿ ಅದು ಉಳಿದಿರುತ್ತದೆ, ಹುಣ್ಣಂತೂ ಬಹಳ ನೋಯುತ್ತದೆ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಸಣ್ಣ ರಕ್ತನಾಳಗಳನ್ನು ಕೆಡಿಸಿ, ನಾರಿನಂಥ ವಸ್ತುವನ್ನು ಮಿತಿಮೀರಿ ಬೆಳೆಸುವುದರಿಂದ ಉಂಟಾಗುವುದು. ಗಂಡಸರಿಗಿಂತ ಹೆಂಗಸರಲ್ಲಿಯೇ ಇದು ಹೆಚ್ಚು. ಕಲ್ಲಿನ ನುಣ್ಣನೆಯ ಧೂಳಿಗೂ ಇದಕ್ಕೂ ನಂಟುಂಟೆಂಬುದನ್ನು 1957ರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರನ್ನು ಕುರಿತು ಎರಾಸ್ಮಸ್ ಎಂಬ ವೈದ್ಯನು ಬರೆದನು. ಇಳಕಲ್ಲಿನ ಗ್ರಾನೈಟ್ ಕೊಯ್ಯುವವರು ಮೂಗು ಬಾಯಿಗಳನ್ನು ಕಾಪಾಡಿಕೊಳ್ಳಲು ಇದೂ ಒಂದು ಕಾರಣ.

ಇನ್ನು ಭೇದಗಳು. ಚರ್ಮದ ಒಂದೆಡೆಗೆ ಸೀಮಿತವಾದ ಬಗೆಯನ್ನು ಮಾರ್ಫಿಯ ಎನ್ನುತ್ತಾರೆ. ಅದರಿಂದ ಪ್ರಾಣಾಪಾಯವಿಲ್ಲ, ಅನೇಕರಲ್ಲಿ ಕೆಲವು ವರ್ಷಗಳಲ್ಲಿ ತಾನೇ ಮೃದುವಾಗುತ್ತದೆ. ಮಕ್ಕಳಲ್ಲಿ ಮಾತ್ರ ಅದು ಪಟ್ಟಿಯಂತೆ ಕೈಕಾಲಿನ ಮೇಲೆ ಹರಿದು ಬೆಳವಣಿಗೆಯನ್ನು ಕುಂಠಿಸುವುದುಂಟು. ಆದುದರಿಂದ ಅಲ್ಲಿ ತಡಮಾಡಲಾಗದು.

ದೇಹದೊಳಕ್ಕೂ ಇಳಿಯುವ ಬಗೆಯಲ್ಲಿ ಎರಡು ಕವಲುಗಳಿವೆ. ಒಂದರಲ್ಲಿ ಬಿಗಿತವು ಮುಖ, ಮೊಣಕೈಯ ಕೆಳಗು, ಮೊಣಕಾಲಿನ ಕೆಳಗು ಇಷ್ಟಕ್ಕೆ ನಿಲ್ಲುತ್ತದೆ. ಅದರ ನಡೆ ನಿಧಾನ. ಹಲವರು ದಶಕಗಳ ಕಾಲ ಬಾಳುತ್ತಾರೆ. ಎದೆಯುರಿ, ನುಂಗುವ ಕಷ್ಟ ಇರುತ್ತವೆ. ಆದರೆ ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಸಂಭವವಿರುವುದರಿಂದ, ವರ್ಷಕ್ಕೊಮ್ಮೆ ಹೃದಯದ ಪರೀಕ್ಷೆ ಅವಶ್ಯ. ಇನ್ನೊಂದರಲ್ಲಿ ತೋಳು, ಎದೆ, ಹೊಟ್ಟೆಗಳೂ ಬಿಗಿಯುತ್ತವೆ. ಇದು ಅವಸರದ ರೋಗ. ಮೊದಲ ಮೂರು-ನಾಲ್ಕು ವರ್ಷಗಳೇ ಕಠಿಣ. ಆಮೇಲೆ ಚರ್ಮ ಎಷ್ಟೋ ವೇಳೆ ಸಡಿಲವಾಗುತ್ತದೆ.

ಹಿಂದೆ ಈ ಎರಡನೆಯ ಬಗೆಯಲ್ಲಿ ಹೆಚ್ಚು ಕೊಲ್ಲುತ್ತಿದ್ದುದು ಮೂತ್ರಪಿಂಡದ ಆಘಾತ. ಅದಕ್ಕೆ ತುತ್ತಾದವರು ಒಂದು ವರ್ಷ ಉಳಿಯುವುದೇ ಅಪರೂಪವಾಗಿತ್ತು. ಬ್ರೆಜಿಲ್ಲಿನ ಒಂದು ಹಾವಿನ ವಿಷದ ಅಧ್ಯಯನದಿಂದ ಹೊರಟ ಕ್ಯಾಪ್ಟೊಪ್ರಿಲ್ ಮೊದಲಾದ ಔಷಧಗಳು 1980ರ ಸುಮಾರಿಗೆ ಬಳಕೆಗೆ ಬಂದ ಮೇಲೆ ಬಹುಪಾಲು ರೋಗಿಗಳು ಆ ವರ್ಷವನ್ನು ದಾಟುವಂತಾಯಿತು. ಈಗಿನ ದೊಡ್ಡ ಭಯ ಶ್ವಾಸಕೋಶವು ನಾರುಗಟ್ಟುವುದು. ಮೈಕೋಫಿನೋಲೇಟ್, ನಿಂಟೆಡಾನಿಬ್ ಎಂಬ ಔಷಧಗಳು ಅದರ ವೇಗವನ್ನು ತಗ್ಗಿಸುತ್ತವೆ. ಆದ ಗಾಯದ ಕಲೆಯನ್ನು ಅಳಿಸಲಾರವು. ಉಸಿರು ಕಟ್ಟುವವರೆಗೆ ಕಾಯದೆ ಮೊದಲೇ ಶ್ವಾಸಕೋಶವನ್ನು ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಚಿತ್ರಕಾರ ಪಾಲ್ ಕ್ಲೇಗೆ ಇದ್ದುದು ಇದೇ ರೋಗವೆಂದು ಅವನ ಮರಣಾನಂತರ ವೈದ್ಯರು ಊಹಿಸಿದರು. 1935ರಲ್ಲಿ ಅಸ್ವಸ್ಥನಾಗಿ 1940ರಲ್ಲಿ ತೀರಿಕೊಂಡ ಅವನು 1939ರ ಒಂದೇ ವರ್ಷದಲ್ಲಿ 1200ಕ್ಕೂ ಮಿಕ್ಕ ಕೃತಿಗಳನ್ನು ರಚಿಸಿದನು. ಅವನ ಕಾಲಕ್ಕೆ ಈ ಔಷಧಗಳಿರಲಿಲ್ಲ.

ಹೀಗಿರುವಲ್ಲಿ ರೋಗಿಯ ಮನೆಯವರು ‘ಇನ್ನೆಷ್ಟು ದಿನ?’ ಎಂದು ಕೇಳುವ ಮೊದಲು ‘ಇದು ಯಾವ ಬಗೆ?’ ಎಂದು ಕೇಳತಕ್ಕದ್ದು. ಎರಡನೆಯ ಕವಲಿನದಾದರೆ ಸ್ಟೀರಾಯ್ಡ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಕೂಡದು. ಹೆಚ್ಚು ಪ್ರಮಾಣದಲ್ಲಿ ಅವೇ ಮೂತ್ರಪಿಂಡದ ಆಘಾತಕ್ಕೆ ದಾರಿಮಾಡಬಹುದು. ರಕ್ತದೊತ್ತಡವನ್ನು ಮನೆಯಲ್ಲಿಯೇ ಅಳೆದು ಬರೆದಿಡಬೇಕು. ಅದು ಹಠಾತ್ತನೆ ಏರಿ, ತಲೆ ಸಿಡಿದು, ಕಣ್ಣು ಮಂಜಾದರೆ ಮರುದಿನವನ್ನು ಕಾಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.